ನಲವತ್ತೊಂದು

ಚೋಯಿರ್ ನಿಲ್ದಾಣದಲ್ಲಿ ಮೂವತ್ತೆರಡು ವರ್ಷ
ರೈಲಿನ ಗಾಲಿಗಳನ್ನು ಸುತ್ತಿಗೆಯಿಂದ ಬಡಿದವನು
ಮೂರು ತಿಂಗಳಿಗೊಮ್ಮೆ ರಾತ್ರಿ ಗಾಡಿ ಹತ್ತಿ
ಉಲಾನ್‌ಬಾತರಿನ ನಮ್ಮ ಲ್ಯಾಬಿನ ಕಿಂಡಿಗೆ ಬರುತ್ತಾನೆ,
ತೋಳು ಮಡಚಿಕೊಂಡೇ.

ಹೊರಗೆ ಸೊನ್ನೆಗಿಂತ ಮೂವತ್ತು ಕೆಳಗೆ.
ಕಲ್ಲಿದ್ದಲ ಹೊಗೆ ಗಾಜಿಗೆ ಮೂಗೊತ್ತಿ ನಿಂತಿದೆ.
ಲುವ್ಸನ್‌ಶರಾವ್ ಕೈಗವಸು ಕಳಚಿ, ಜೇಬಿನಿಂದ
ಒಣಮೊಸರಿನ ಎರಡು ಬಿಲ್ಲೆ ತೆಗೆದು ನನ್ನ ಮುಂದಿಟ್ಟು
"ತಂಗೀ, ಬಡಿದು ನೋಡು" ಅನ್ನುತ್ತಾನೆ.

ಅವನೇ ಹೇಳಿಕೊಟ್ಟದ್ದು:
ಗಟ್ಟಿ ಗಾಲಿ ಕಂಚಿನ ಹಾಗೆ ಕೂಗುತ್ತದೆ, ಬಹಳ ಹೊತ್ತು.
ಬಿರುಕುಬಿಟ್ಟದ್ದು ಹಸಿ ಸೌದೆಯ ಹಾಗೆ, ದಬ್.
ಕಣ್ಣಿಗೆ ಕಾಣುವ ಬಿರುಕಿಗೆ ಸುತ್ತಿಗೆ ಯಾಕೆ?
ಕಾಣದ್ದಕ್ಕೇ ಕಿವಿ.

ಎರಡು ಚಳಿಗಾಲದ ಹಿಂದೆ ಅವನ ಲಿವರಿನ ಬಲಮಗ್ಗುಲಿಂದ
ಮುಷ್ಟಿಗಾತ್ರದ ಗಂಟೊಂದನ್ನು ಕೊಯ್ದು ತೆಗೆದರು.
"ಅಂಚು ಶುದ್ಧವಾಗಿದೆ" ಎಂದು ಬರೆದರು.
ಅಂಚಿನಾಚೆ ಏನಿದೆಯೋ, ಅದಕ್ಕೆ ಆ ಕಾಗದದಲ್ಲಿ ಜಾಗವಿರಲಿಲ್ಲ.

ನನಗೆ ಸಿಕ್ಕುವುದು ರಕ್ತ, ಆಮೇಲೆ ಅಂಕಿ.
ಕೊಯ್ಯುವ ಮುನ್ನ ಸಾವಿರದ ಎಂಟುನೂರ ನಲವತ್ತು.
ತಿಂಗಳು ಕಳೆದು ಎಪ್ಪತ್ತು. ಆಮೇಲೆ ಒಂಬತ್ತು, ಆರು,
ಏಳು.
ಏಳು.
ಪ್ರತಿ ಸಲವೂ ಒಂದೇ ಪ್ರಶ್ನೆ, ನಿಲ್ದಾಣದ ಭಾಷೆಯಲ್ಲಿ:
"ಗಾಡಿ ಬಿಡಬಹುದಾ?"
"ಬಿಡಿ ಅಣ್ಣಾ."

ಈ ಆಲ್ಫಾ ಫೀಟೋಪ್ರೋಟೀನ್ ಎಂಬುದು
ನಾವೆಲ್ಲ ತಾಯ ಹೊಟ್ಟೆಯಲ್ಲಿದ್ದಾಗ
ನಮ್ಮ ಪುಟ್ಟ ಲಿವರು ಹಗಲಿರುಳು ಕಟ್ಟುತ್ತಿದ್ದ ಸರಕು.
ಹುಟ್ಟಿದ ಮೇಲೆ ಆ ಕಸುಬು ಮರೆಯುತ್ತದೆ. ಮರೆತರೇ ಚೆಂದ.
ಗಂಟಿಗೆ ಮಾತ್ರ ಅದೇನು ಹಂಬಲವೋ,
ಅರವತ್ತು ದಾಟಿದವನ ಒಡಲಲ್ಲಿ ಕೂತು
ಹಾಲುಗಲ್ಲದ ಆಟ ಮತ್ತೆ ಮೊದಲಿಂದ ಹೂಡುತ್ತದೆ.

ಇನ್ನೊಂದು ಪರೀಕ್ಷೆಯೂ ಇದೆ,
ರಕ್ತ ಹೆಪ್ಪುಗಟ್ಟಿಸಲು ಹೊರಟು
ಅರೆಬೆಂದು ಉಳಿದ ಪ್ರೋಟೀನನ್ನು ಎಣಿಸುವುದು.
ಎರಡೂ ಸುಮ್ಮನಿದ್ದು ಗಂಟು ಬೆಳೆದದ್ದನ್ನೂ ಕಂಡಿದ್ದೇನೆ.
ಕೆಲವು ಬಿರುಕು ಕಂಚಿನ ದನಿಯಲ್ಲೇ ಕೂಗುತ್ತವೆ.
ಅವನಿಗೆ ಇದನ್ನು ಹೇಳಿಲ್ಲ.
ಮೂವತ್ತೆರಡು ವರ್ಷ ಬಡಿದವನಿಗೆ ಗೊತ್ತಿರಬೇಕು.

ಶರತ್ಕಾಲದಲ್ಲಿ ಹನ್ನೆರಡು ಬಂದಿತ್ತು. ಇರಲಿ ಅಂದುಕೊಂಡೆವು.
ಇವತ್ತು ಯಂತ್ರ ಉಗುಳಿದ್ದು ನಲವತ್ತೊಂದು.
ಮತ್ತೆ ಹಾಕಿದೆ.
ನಲವತ್ತೊಂದು.

ಈ ಅಂಕಿಯ ಪರಿಚಯ ನನಗುಂಟು.
ಏಳು ವರ್ಷದ ಹಿಂದೆ, ಸಿಬ್ಬಂದಿಯ ತಪಾಸಣೆಯಲ್ಲಿ,
ನನ್ನದೇ ಹೆಸರಿನ ಟ್ಯೂಬಿನಿಂದ ಇದೇ ಬಂದಿತ್ತು.
ಅಪ್ಪನೂ ಅಜ್ಜಿಯೂ ಲಿವರಿನಿಂದಲೇ ಹೋದ ಮನೆ ನಮ್ಮದು.
ಹಿಂಬದಿಯ ಮೆಟ್ಟಿಲ ಮೇಲೆ ಕೂತು ಲೆಕ್ಕ ಹಾಕಿದ್ದೆ,
ಹೊಲಿಗೆ ಯಂತ್ರ ಯಾರಿಗೆ, ಅಮ್ಮನ ಬೆಳ್ಳಿ ಬಟ್ಟಲು ಯಾರಿಗೆ.
ಸ್ಕ್ಯಾನಿನ ಹುಡುಗಿ ಜೆಲ್ಲು ಸವರಿದಳು, ಲಿವರು ನೋಡಿದಳು,
ಕೈ ತುಸು ಕೆಳಗೆ ಜಾರಿಸಿ ನಕ್ಕುಬಿಟ್ಟಳು.
ಖುಲಾನ್ ಈಗ ಒಂದನೇ ತರಗತಿ. ಮುಂದಿನ ಹಲ್ಲು ಬಿದ್ದಿದೆ.

ಒಂದೇ ಅಂಕಿ.
ಬರುತ್ತಿದೆ ಏನೋ, ಅಷ್ಟು ಗೊತ್ತು ಯಂತ್ರಕ್ಕೆ.
ತೊಟ್ಟಿಲು ಕಟ್ಟಬೇಕೋ ಬೇಡವೋ ಎಂಬುದನ್ನು
ಅದು ಯಾವತ್ತೂ ಕೇಳಿದ್ದಿಲ್ಲ.

ಫಲಿತಾಂಶ ಹೇಳುವುದು ಡಾಕ್ಟರ ಕೆಲಸ, ನನ್ನದಲ್ಲ.
"ಸ್ವಲ್ಪ ಕೂತಿರಿ ಅಣ್ಣಾ" ಅಂದೆ, ಎಂದಿನ ಹಾಗೇ ಅಂದೆ.
ಲುವ್ಸನ್‌ಶರಾವ್ ತಲೆ ವಾಲಿಸಿದ,
ಗಾಲಿಯ ಮುಂದೆ ಬಗ್ಗಿ ನಿಂತಾಗ ವಾಲಿಸುತ್ತಿದ್ದಿರಬೇಕಾದ ಹಾಗೆ,
ನನ್ನ ದನಿ ಪೂರ್ತಿ ಆರುವವರೆಗೆ ಕಾದ.

"ಬಿರುಕು ಸಿಕ್ಕರೆ ಗಾಡಿ ಒಡೆಯುವುದಿಲ್ಲ ತಂಗೀ,
ಆ ಒಂದು ಡಬ್ಬಿ ಕಳಚಿ ಪಕ್ಕದ ಹಳಿಗೆ ದೂಡುತ್ತೇವೆ.
ಬೈಯುತ್ತಾರೆ ಜನ, ತಡವಾಯಿತು ಅಂತ.
ಸ್ಕ್ಯಾನು ಎಷ್ಟನೇ ಮಹಡಿ?"

ಮೂರನೆಯದು, ಅಂದೆ.
ಬಿಲ್ಲೆಗಳನ್ನು ನನ್ನ ಕಡೆಗೆ ಇನ್ನಷ್ಟು ಸರಿಸಿ ಎದ್ದ.
ಹತ್ತುವ ಮೊದಲು ಮೆಟ್ಟಿಲ ಕಂಬಿಗೆ
ಬೆರಳಗೆಣ್ಣಿನಿಂದ ಒಂದು ಪೆಟ್ಟು. ಅಭ್ಯಾಸ.
ಅದು ಕೂಗಿತೋ ಇಲ್ಲವೋ,
ಸೆಂಟ್ರಿಫ್ಯೂಜಿನ ಗುಂಯ್‌ಗುಡುವಿಕೆಯಲ್ಲಿ
ನನಗೆ ಕೇಳಲಿಲ್ಲ.